ಯಾರ್ಕ್: ಲೂಯಿಸ್-ಕ್ಲಾರ್ಕ್ ಪ್ರಯಾಣ ಮುಗಿದ ಮೇಲೆ ಅವನು ಏನಾದ? ಪದೇ ಪದೇ ಕೇಳುವ ಪ್ರಶ್ನೆಗಳು

ಲೂಯಿಸ್ ಮತ್ತು ಕ್ಲಾರ್ಕ್ ಅನ್ನುವ ಇಬ್ಬರು ಸೇನಾಧಿಕಾರಿಗಳು ಸರ್ಕಾರದ ತಂಡ ಕಟ್ಟಿಕೊಂಡು ಅಮೆರಿಕದ ಪಶ್ಚಿಮ ಕರಾವಳಿವರೆಗೆ ಹೋಗಿ ಬಂದ ಕಥೆ ಹೇಳಿದಾಗಲೆಲ್ಲ, ಕೇಳಿದವರ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಯಾರ್ಕ್ ಹತ್ತಿರ. ಮಾತಿನ ನಡುವೆ ಕೇಳಿದವರಿದ್ದಾರೆ, ಪತ್ರ ಬರೆದು ಕೇಳಿದವರಿದ್ದಾರೆ, ಸ್ವಲ್ಪ ಸಿಟ್ಟಿನಲ್ಲೇ ಕೇಳಿದವರೂ ಇದ್ದಾರೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನಿಂದ ಓದಲೇಬೇಕು ಅಂತೇನಿಲ್ಲ, ಬೇಕಾದ್ದಕ್ಕೆ ನೇರ ಹೋಗಿ.

## ಮೊದಲ ಸಲ ಕೇಳುತ್ತಿರುವವರಿಗೆ

ಯಾರ್ಕ್ ಅಂದ್ರೆ ಯಾರು? ಶಾಲೆ ಪುಸ್ತಕದಲ್ಲಿ ಲೂಯಿಸ್, ಕ್ಲಾರ್ಕ್, ಸಕಗವಿಯಾ ಮೂರೇ ಹೆಸರು ಇದ್ದಿದ್ದು.

ವಿಲಿಯಂ ಕ್ಲಾರ್ಕ್‌ನ ಗುಲಾಮ. 1804ರ ಮೇ ತಿಂಗಳಲ್ಲಿ ಮಿಸ್ಸೂರಿ ನದಿಯ ಬಾಯಿಂದ ಹೊರಟು, ರಾಕಿ ಬೆಟ್ಟಗಳನ್ನು ದಾಟಿ, ಪೆಸಿಫಿಕ್ ಸಾಗರ ಮುಟ್ಟಿ, 1806ರ ಸೆಪ್ಟೆಂಬರ್ 23ಕ್ಕೆ ಸೇಂಟ್ ಲೂಯಿಸ್‌ಗೆ ವಾಪಸ್ ಬಂದ ತಂಡದಲ್ಲಿ ಇದ್ದ ಒಬ್ಬನೇ ಕಪ್ಪು ಮನುಷ್ಯ. ಹುಟ್ಟಿದ್ದು ವರ್ಜೀನಿಯಾದಲ್ಲಿ, ಸುಮಾರು 1770ರ ದಶಕದ ಮೊದಲ ವರ್ಷಗಳಲ್ಲಿ. ಕ್ಲಾರ್ಕ್‌ಗೂ ಅವನಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಇಬ್ಬರೂ ಚಿಕ್ಕವರಿದ್ದಾಗಿಂದ ಒಂದೇ ಮನೆಯಲ್ಲಿ ಬೆಳೆದರು, ಒಬ್ಬ ಮನೆಮಗನಾಗಿ, ಇನ್ನೊಬ್ಬ ಆಳಾಗಿ. ಮುಂದೆ ಆ ಕುಟುಂಬ ಕೆಂಟಕಿಗೆ, ಲೂಯಿವಿಲ್ ಹತ್ತಿರಕ್ಕೆ ಬಂತು. 1799ರಲ್ಲಿ ಕ್ಲಾರ್ಕ್‌ನ ಅಪ್ಪ ತೀರಿಕೊಂಡಾಗ ವಿಲ್‌ನಲ್ಲಿ ಯಾರ್ಕ್, ಅವನ ಅಪ್ಪ, ಅಮ್ಮ ರೋಸ್ ಎಲ್ಲರೂ ಆಸ್ತಿಯ ಜೊತೆ ವಿಲಿಯಂ ಪಾಲಿಗೆ ಬಂದರು.

ಯಾರ್ಕ್ ಅನ್ನೋದು ಅವನ ಹೆಸರಾ, ಮನೆತನದ ಹೆಸರಾ? ಪೂರ್ತಿ ಹೆಸರು ಏನು?

ಅಷ್ಟೇ ಪೂರ್ತಿ ಹೆಸರು. ಅಪ್ಪನ ಹೆಸರೂ ಯಾರ್ಕ್, ಅದಕ್ಕೇ ದಾಖಲೆಗಳಲ್ಲಿ ಅಪ್ಪನನ್ನು ‘ಓಲ್ಡ್ ಯಾರ್ಕ್’ ಅಂತ ಬರೆದಿದ್ದಾರೆ. ಗುಲಾಮರಿಗೆ ಮನೆತನದ ಹೆಸರು ಬರೆದಿಡುವ ಗೋಜಿಗೆ ಒಡೆಯರು ಹೋಗುತ್ತಿರಲಿಲ್ಲ.

ಪ್ರಯಾಣದಲ್ಲಿ ಅವನು ಮಾಡಿದ್ದೇನು? ಸುಮ್ನೆ ಕ್ಲಾರ್ಕ್‌ನ ಬಟ್ಟೆ ಒಗೆದುಕೊಂಡು ಇದ್ನಾ?

ಹೊರಟಾಗ ಅವನ ಸ್ಥಾನ ಅದೇ, ಕ್ಯಾಪ್ಟನ್‌ನ ಸೇವಕ. ಆದರೆ ದೋಣಿಯನ್ನು ಪ್ರವಾಹಕ್ಕೆ ಎದುರಾಗಿ ಹಗ್ಗ ಕಟ್ಟಿ ಎಳೆಯುವ ಕಡೆ ಬರೀ ಸೇವಕನಾಗಿ ಉಳಿಯಲು ಆಗುತ್ತಿರಲಿಲ್ಲ. ಉಳಿದವರು ಮಾಡಿದ್ದನ್ನೆಲ್ಲ ಅವನೂ ಮಾಡಿದ. ಬಂದೂಕು ಹಿಡಿದು ಬೇಟೆಗೆ ಹೋಗುತ್ತಿದ್ದ. ಗುಲಾಮನ ಕೈಗೆ ಬಂದೂಕು ಅನ್ನುವುದು ಅವನ ಊರಲ್ಲಿ ಸಾಮಾನ್ಯದ ಮಾತಲ್ಲ. 1804ರ ಜೂನ್‌ನಲ್ಲಿ ನದಿಯ ಮರಳು ದಿಬ್ಬಕ್ಕೆ ಈಜಿ ಹೋಗಿ ಊಟಕ್ಕೆ ಸೊಪ್ಪು ಕಿತ್ತು ತಂದಿದ್ದನ್ನು ಕ್ಲಾರ್ಕ್ ಬರೆದಿದ್ದಾನೆ. ಅದೇ ಆಗಸ್ಟ್‌ನಲ್ಲಿ ಸಾರ್ಜೆಂಟ್ ಫ್ಲಾಯ್ಡ್ ಸಾಯುವ ಸ್ಥಿತಿಗೆ ಬಂದಾಗ ಹೆಚ್ಚಾಗಿ ಪಕ್ಕದಲ್ಲಿ ಕೂತು ನೋಡಿಕೊಂಡವನು ಯಾರ್ಕ್. ಆ ಇಡೀ ಪ್ರಯಾಣದಲ್ಲಿ ಸತ್ತ ತಂಡದವನು ಫ್ಲಾಯ್ಡ್ ಒಬ್ಬನೇ. ಮುಂದಿನ ವರ್ಷ ಗ್ರೇಟ್ ಫಾಲ್ಸ್ ಹತ್ತಿರ ದಿಢೀರ್ ಮಳೆ ಬಂದು ಕ್ಲಾರ್ಕ್, ತಂಡದ ಜೊತೆಗಿದ್ದ ಶೋಶೋನಿ ಬುಡಕಟ್ಟಿನ ಹೆಂಗಸು ಸಕಗವಿಯಾ, ಅವಳ ಮಗು ಕೊಚ್ಚಿಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಮೇಲೆ ಬಂದು ನೋಡಿದರೆ ಯಾರ್ಕ್ ಗಾಬರಿಯಿಂದ ಇವರನ್ನೇ ಹುಡುಕುತ್ತಿದ್ದ.

ಇನ್ನೊಂದು ಸಂಗತಿ. ಮಿಸ್ಸೂರಿ ನದಿ ದಡದ ಮೂಲನಿವಾಸಿಗಳಾದ ಅರಿಕರಾ ಜನ ಅದುವರೆಗೆ ಕಪ್ಪು ಮನುಷ್ಯನನ್ನು ನೋಡಿರಲಿಲ್ಲ. ಮಕ್ಕಳು ಹಿಂದೆ ಬೀಳೋದು, ಇವನು ತಿರುಗಿದರೆ ಓಡಿಹೋಗೋದು. ಯಾರ್ಕ್‌ಗೂ ಮಜಾ ಬಂತು ಅಂತ ಕಾಣುತ್ತೆ. ‘ನಾನು ಮೊದಲು ಕಾಡುಪ್ರಾಣಿಯಾಗಿದ್ದೆ, ಕ್ಲಾರ್ಕ್ ನನ್ನನ್ನು ಹಿಡಿದು ಪಳಗಿಸಿದ’ ಅಂತ ಅವರಿಗೆ ಹೇಳಿದನಂತೆ. ಬೇಕಾಗಿದ್ದಕ್ಕಿಂತ ಜಾಸ್ತಿ ಭಯಂಕರವಾಗಿ ಕಾಣಿಸಿಕೊಂಡ ಅಂತ ಕ್ಲಾರ್ಕ್ ದಿನಚರಿಯಲ್ಲಿ ಗೊಣಗಿದ್ದಾನೆ.

ಅವನಿಗೂ ವೋಟು ಇತ್ತಂತಲ್ಲ, ಹೌದಾ?

ಹೌದು, ಒಂದು ಸಲ. 1805ರ ನವೆಂಬರ್ 24ರಂದು, ಕೊಲಂಬಿಯಾ ನದಿ ಸಮುದ್ರ ಸೇರುವ ಕಡೆ, ಚಳಿಗಾಲವನ್ನು ಯಾವ ದಡದಲ್ಲಿ ಕಳೆಯೋದು ಅಂತ ಎಲ್ಲರನ್ನೂ ಕೇಳಿದರು. ಕ್ಲಾರ್ಕ್ ಒಬ್ಬೊಬ್ಬರ ಹೆಸರು ಬರೆದು ಎದುರಿಗೆ ಅವರ ಅಭಿಪ್ರಾಯ ಬರೆದ. ಅದರಲ್ಲಿ ಯಾರ್ಕ್ ಹೆಸರಿದೆ. ಸಕಗವಿಯಾ ಏನಂದಳು ಅನ್ನುವುದೂ ಇದೆ. ಅಮೆರಿಕದಲ್ಲಿ ಕಪ್ಪು ಗಂಡಸರಿಗೆ ಮತದ ಹಕ್ಕನ್ನು ಸಂವಿಧಾನದ ತಿದ್ದುಪಡಿ ಕೊಟ್ಟಿದ್ದು 1870ರಲ್ಲಿ. ಹಾಗಂತ ಇದನ್ನು ಪ್ರಜಾಪ್ರಭುತ್ವದ ಹಬ್ಬ ಅಂತ ಬರೆಯುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಊಟ ಸಿಗದ ಕಡೆ ಮೂವತ್ತು ಜನ ಸಿಕ್ಕಿಬಿದ್ದಾಗ ಎಲ್ಲರನ್ನೂ ಕೇಳಿದರು, ಅಷ್ಟೇ. ಆದರೆ ಯಾರ್ಕ್ ಅದನ್ನು ಮರೆತಿರಲಾರ ಅಂತ ಮಾತ್ರ ನನಗನಿಸುತ್ತೆ.

## ವಾಪಸ್ ಬಂದ ಮೇಲೆ

ಎಲ್ಲರಿಗೂ ಹಣ, ಜಮೀನು ಸಿಕ್ತಂತೆ. ಯಾರ್ಕ್‌ಗೆ ಎಷ್ಟು ಬಂತು?

ಏನೂ ಇಲ್ಲ.

1807ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ತಂಡದವರಿಗೆ ಸಂಬಳವನ್ನು ದುಪ್ಪಟ್ಟು ಮಾಡಿತು. ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 5 ಡಾಲರ್ ಇದ್ದಿದ್ದು 10 ಆಯಿತು. ಮೇಲೆ ಒಬ್ಬೊಬ್ಬರಿಗೆ 320 ಎಕರೆ ಜಮೀನಿನ ಹಕ್ಕುಪತ್ರ. ಲೂಯಿಸ್‌ಗೆ, ಕ್ಲಾರ್ಕ್‌ಗೆ 1600 ಎಕರೆ ತಲಾ. ಸಕಗವಿಯಾಳ ಗಂಡ ಶಾರ್ಬೊನೊ ದುಭಾಷಿ ಕೆಲಸಕ್ಕೆ 500 ಡಾಲರ್ ಚಿಲ್ಲರೆ ತೆಗೆದುಕೊಂಡ. ಸಕಗವಿಯಾಗೆ ಬೇರೆಯಾಗಿ ಕೊಡಲಿಲ್ಲ. ಯಾರ್ಕ್ ಪಟ್ಟಿಯಲ್ಲೇ ಇರಲಿಲ್ಲ. ಅವನು ಕಾನೂನಿನ ಕಣ್ಣಲ್ಲಿ ಕ್ಲಾರ್ಕ್‌ನ ಸಾಮಾನು.

ಇಷ್ಟು ದುಡಿದವನನ್ನ ಕ್ಲಾರ್ಕ್ ಬಂದ ಕೂಡಲೇ ಬಿಡುಗಡೆ ಮಾಡಿದ್ನಂತೆ. ನಾನು ಎಲ್ಲೋ ಓದಿದ್ದೀನಿ.

ನೀವೊಬ್ಬರೇ ಅಲ್ಲ, ಬಹಳ ಜನ ಓದಿದ್ದಾರೆ. ಹಳೆಯ ಪುಸ್ತಕಗಳಲ್ಲಿ ಹಾಗೇ ಇತ್ತು. ಅದು ಸುಳ್ಳು. ಪ್ರಯಾಣ ಮುಗಿದು ಎರಡು ವರ್ಷದ ಮೇಲೆ, 1808ರಲ್ಲಿ ಯಾರ್ಕ್ ಬಿಡುಗಡೆ ಕೇಳಿದಾಗ ಕ್ಲಾರ್ಕ್ ಕೊಡಲಿಲ್ಲ. ಇದನ್ನು ಕ್ಲಾರ್ಕ್ ತನ್ನ ಕೈಯಾರೆ ಅಣ್ಣ ಜೊನಾಥನ್‌ಗೆ ಬರೆದ ಪತ್ರಗಳಲ್ಲಿ ಹೇಳಿಕೊಂಡಿದ್ದಾನೆ. ‘ಬಿಡುಗಡೆ, ತನ್ನ ಮಹಾ ಸೇವೆ ಅಂತೆಲ್ಲ ಅವನ ತಲೆಗೆ ಹೊಕ್ಕಿದೆ’ ಅನ್ನುವ ಧಾಟಿ. ಅವನ ಸೇವೆ ಅಷ್ಟೇನೂ ದೊಡ್ಡದಲ್ಲ, ನನ್ನ ಪರಿಸ್ಥಿತಿಯೂ ಬಿಡುವ ಹಾಗಿಲ್ಲ ಅನ್ನುವುದು ಕ್ಲಾರ್ಕ್ ಕೊಟ್ಟ ಕಾರಣ. 1815ರಲ್ಲೂ ಯಾರ್ಕ್ ಅವನ ಆಸ್ತಿಯಾಗಿಯೇ ಲೆಕ್ಕದಲ್ಲಿದ್ದ.

ಇಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕೆಣಕುತ್ತೆ. ಕ್ಲಾರ್ಕ್‌ಗೆ ಕ್ಯಾಪ್ಟನ್ ಹುದ್ದೆ ಕೊಡಿಸುತ್ತೇನೆ ಅಂತ ಲೂಯಿಸ್ ಮಾತು ಕೊಟ್ಟಿದ್ದ. ಸರ್ಕಾರ ಕೊಟ್ಟಿದ್ದು ಸೆಕೆಂಡ್ ಲೆಫ್ಟಿನೆಂಟ್ ಮಾತ್ರ. ಪ್ರಯಾಣದ ಉದ್ದಕ್ಕೂ ಈ ವಿಷಯವನ್ನು ಮುಚ್ಚಿಟ್ಟು ಎಲ್ಲರೂ ಅವನನ್ನು ಕ್ಯಾಪ್ಟನ್ ಅಂತಲೇ ಕರೆದರು. ಬಂದ ಮೇಲೆ 1807ರಲ್ಲಿ ಕ್ಲಾರ್ಕ್ ಆ ಹುದ್ದೆಯನ್ನೇ ವಾಪಸ್ ಕೊಟ್ಟ. ವರ್ಷಗಳಾದರೂ ಆ ನೋವು ಹೋಗಿರಲಿಲ್ಲ. ಮಾಡಿದ ಕೆಲಸಕ್ಕೆ ತಕ್ಕ ಮನ್ನಣೆ ಸಿಗದಿದ್ದರೆ ಹೇಗನಿಸುತ್ತೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದಲ್ಲಿದ್ದವನ ವಿಷಯದಲ್ಲಿ ಮಾತ್ರ ಹೊಳೆಯಲಿಲ್ಲ.

ಅವನಿಗೆ ಹೆಂಡತಿ ಮಕ್ಕಳು ಇದ್ರಾ?

ಹೆಂಡತಿ ಇದ್ದಳು, ಲೂಯಿವಿಲ್‌ನಲ್ಲಿ, ಬೇರೊಬ್ಬ ಒಡೆಯನ ಗುಲಾಮಳಾಗಿ. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಎಲ್ಲ ಜಗಳ ಶುರುವಾಗಿದ್ದೇ ಇಲ್ಲಿಂದ. 1808ರ ಜನವರಿಯಲ್ಲಿ ಕ್ಲಾರ್ಕ್ ಜೂಲಿಯಾ ಹ್ಯಾನ್‌ಕಾಕ್‌ಳನ್ನು ಮದುವೆಯಾದ. ಸರ್ಕಾರಿ ಕೆಲಸಕ್ಕೆ ಹೊಸ ಹೆಂಡತಿಯ ಜೊತೆ ಸೇಂಟ್ ಲೂಯಿಸ್‌ಗೆ ಸಂಸಾರ ಹೂಡಿದ. ಆಳುಗಳೂ ಹಿಂದೆ ಹೋಗಬೇಕಾಯಿತು. ಒಡೆಯ ತನ್ನ ಸಂಸಾರ ಕಟ್ಟಿಕೊಳ್ಳಲು ಹೊರಟಾಗ ಯಾರ್ಕ್‌ನ ಸಂಸಾರ ಹಿಂದೆ ಉಳಿಯಿತು, ನೂರಾರು ಮೈಲಿ ದೂರ.

ಯಾರ್ಕ್ ಕೇಳಿದ್ದು ತೀರಾ ದೊಡ್ಡದೂ ಆಗಿರಲಿಲ್ಲ. ಬಿಡುಗಡೆ ಕೊಡದಿದ್ದರೆ ಬೇಡ, ಲೂಯಿವಿಲ್‌ನಲ್ಲೇ ಬಾಡಿಗೆ ಕೆಲಸ ಮಾಡಿಕೊಂಡು ಇರುತ್ತೇನೆ. ಅದೂ ಆಗದಿದ್ದರೆ ನನ್ನನ್ನು ಅಲ್ಲೇ ಯಾರಿಗಾದರೂ ಮಾರಿಬಿಡಿ. ಸೇಂಟ್ ಲೂಯಿಸ್‌ಗೆ ವಾಪಸ್ ಬರುವುದಕ್ಕಿಂತ ಮಾರಾಟವಾಗೋದೇ ಮೇಲು ಅಂದ. 1808ರ ನವೆಂಬರ್‌ನಲ್ಲಿ ಕ್ಲಾರ್ಕ್ ಅವನನ್ನು ಕೆಲವು ವಾರದ ಮಟ್ಟಿಗೆ ಹೆಂಡತಿ ಹತ್ತಿರ ಕಳಿಸಿದ. ಜೊತೆಗೇ ಅಣ್ಣನಿಗೆ ಸೂಚನೆ: ಓಡಿಹೋಗಲು ನೋಡಿದರೆ, ಇಲ್ಲವೇ ಗುಲಾಮನಾಗಿ ಮಾಡಬೇಕಾದ ಕೆಲಸಕ್ಕೆ ಒಲ್ಲೆ ಅಂದರೆ ನ್ಯೂ ಆರ್ಲಿಯನ್ಸ್‌ಗೆ ಕಳಿಸಿ ಮಾರಿಸು, ಇಲ್ಲವೇ ಯಾರಾದರೂ ಕಠಿಣ ಒಡೆಯನಿಗೆ ಬಾಡಿಗೆಗೆ ಕೊಡು, ಬುದ್ಧಿ ಬರುವವರೆಗೆ. ನದಿಯ ಕೆಳಗೆ, ದಕ್ಷಿಣದ ತೋಟಗಳ ಕಡೆಗೆ ಮಾರುತ್ತೇವೆ ಅನ್ನುವುದು ಕೆಂಟಕಿಯ ಗುಲಾಮನಿಗೆ ಹಾಕಬಹುದಾಗಿದ್ದ ಅತಿ ದೊಡ್ಡ ಬೆದರಿಕೆ.

ಕ್ಲಾರ್ಕ್ ಅವನನ್ನ ಹೊಡೆದಿದ್ದು ನಿಜಾನಾ, ಅಥವಾ ಈಗಿನವರು ಸೇರಿಸಿದ್ದಾ?

ನಿಜ. ಹೇಳಿದವನು ಕ್ಲಾರ್ಕೇ. 1809ರ ಮೇ ಹೊತ್ತಿಗೆ ಯಾರ್ಕ್ ಸೇಂಟ್ ಲೂಯಿಸ್‌ಗೆ ಮರಳಿದ್ದ. ಮುಖ ಊದಿಸಿಕೊಂಡು, ಎದುರು ಮಾತಾಡಿಕೊಂಡು ಇದ್ದಾನೆ, ಕೆಲಸಕ್ಕೆ ಬರುತ್ತಿಲ್ಲ, ಮೊನ್ನೆ ಚೆನ್ನಾಗಿ ಬಾರಿಸಿದೆ, ಈಗ ಎಷ್ಟೋ ಸುಧಾರಿಸಿದ್ದಾನೆ ಅಂತ ಅಣ್ಣನಿಗೆ ಬರೆದ. ಆ ಬೇಸಿಗೆಯಲ್ಲಿ ಯಾರ್ಕ್‌ನನ್ನು ಊರಿನ ಜೈಲಿಗೂ ಹಾಕಿಸಿದ. ಅದಾದ ಮೇಲೆ ಇವನನ್ನು ಬಾಡಿಗೆಗೆ ಬಿಡುತ್ತೇನೆ ಇಲ್ಲ ಮಾರುತ್ತೇನೆ ಅನ್ನುವ ಮಾತು.

ಈ ಪತ್ರಗಳಲ್ಲಿ ಕ್ಲಾರ್ಕ್‌ನ ಗೊಂದಲವೂ ಕಾಣುತ್ತೆ. ಅವನಿಗೆ ಒಳ್ಳೆಯದು ಮಾಡಬೇಕು ಅಂತಲೇ ಇದ್ದೆ ಅನ್ನುತ್ತಾನೆ. ಲೂಯಿಸ್ ಕೂಡ ಮಾರಬೇಡ, ಕೆಂಟಕಿಯಲ್ಲಿ ಬಾಡಿಗೆಗೆ ಬಿಟ್ಟರೆ ಸಾಕು ಅಂದಿದ್ದನಂತೆ. ಈ ಗೊಂದಲವನ್ನು ಕೆಲವರು ಕ್ಲಾರ್ಕ್‌ನ ಒಳ್ಳೆತನ ಅಂತ ಓದುತ್ತಾರೆ. ಗೊಂದಲ ಇತ್ತು ಅಂದರೆ ಇನ್ನೊಂದು ದಾರಿ ಇದೆ ಅಂತ ಅವನಿಗೆ ಕಂಡಿತ್ತು ಅಂತಲೇ ಅರ್ಥ, ಅಲ್ವಾ?

ಗುಲಾಮನನ್ನ ‘ಬಾಡಿಗೆಗೆ ಬಿಡೋದು’ ಅಂದ್ರೆ ಹೇಗೆ? ಸಂಬಳ ಯಾರಿಗೆ?

ಸಂಬಳ ಒಡೆಯನಿಗೆ. ಎತ್ತಿನ ಜೋಡಿಯನ್ನು ಬಾಡಿಗೆಗೆ ಕೊಟ್ಟ ಹಾಗೇ ವ್ಯವಹಾರ. ಸಾಮಾನ್ಯವಾಗಿ ಒಂದು ವರ್ಷದ ಕರಾರು, ಜನವರಿಯಿಂದ ಕ್ರಿಸ್ಮಸ್‌ವರೆಗೆ. ಬಾಡಿಗೆಗೆ ಹಿಡಿದವನು ಊಟ, ಬಟ್ಟೆ ಕೊಡಬೇಕು, ಒಡೆಯನಿಗೆ ಹಣ ಕೊಡಬೇಕು. ಅವನಿಗೆ ಆ ಮನುಷ್ಯ ಮುಂದಿನ ವರ್ಷಕ್ಕೆ ಬದುಕಿರಬೇಕು ಅನ್ನುವ ಲೆಕ್ಕಾಚಾರವೂ ಇರುವುದಿಲ್ಲವಾದ್ದರಿಂದ ಬಟ್ಟೆ ಊಟದಲ್ಲಿ ಉಳಿಸುವುದು, ದುಡಿಸುವುದರಲ್ಲಿ ಹಿಂಡುವುದು ಸಾಮಾನ್ಯ. ಇನ್ನೊಂದು ಬಗೆ ಇತ್ತು. ಗುಲಾಮ ತಾನೇ ಕೆಲಸ ಹುಡುಕಿಕೊಂಡು ಒಡೆಯನಿಗೆ ಇಷ್ಟು ಅಂತ ಕಟ್ಟುವುದು. ಯಾರ್ಕ್ ಕೇಳಿದ್ದು ಈ ಎರಡನೆಯದನ್ನು. ಸಿಕ್ಕಿದ್ದು ಮೊದಲನೆಯದು, ಲೂಯಿವಿಲ್‌ನಲ್ಲಿ.

ಆಮೇಲೆ? ಲೂಯಿವಿಲ್‌ನಲ್ಲಿ ಹೆಂಡತಿ ಜೊತೆ ಇದ್ನಲ್ಲ, ಅಷ್ಟಾದ್ರೂ ಆಯ್ತಲ್ಲ?

ಊರು ಸಿಕ್ಕಿತು, ನೆಮ್ಮದಿ ಸಿಕ್ಕ ಹಾಗೆ ಕಾಣುವುದಿಲ್ಲ. 1811ರ ಮೇನಲ್ಲಿ ಕ್ಲಾರ್ಕ್‌ನ ಸೋದರಳಿಯ ಜಾನ್ ಒಫಾಲನ್ ಲೂಯಿವಿಲ್‌ನಿಂದ ಒಂದು ಪತ್ರ ಬರೆದ. ಯಾರ್ಕ್ ಯಂಗ್ ಅನ್ನುವವನ ಹತ್ತಿರ ಬಾಡಿಗೆಗೆ ಇದ್ದಾನೆ, ಮೈಮೇಲೆ ಸರಿಯಾದ ಬಟ್ಟೆಯಿಲ್ಲ, ಆ ಒಡೆಯ ಕಠಿಣ ಮನುಷ್ಯ ಅನ್ನುವುದು ಅದರ ಸಾರ. ಜೊತೆಗೆ ಇನ್ನೊಂದು ಸುದ್ದಿ. ಯಾರ್ಕ್‌ನ ಹೆಂಡತಿಯ ಒಡೆಯ ಮಿಸ್ಸಿಸ್ಸಿಪಿ ಕಡೆಯ ನ್ಯಾಚೆಜ್‌ಗೆ ಹೊರಡುವ ಅಂದಾಜಿದೆ, ಅವಳನ್ನೂ ಕರೆದುಕೊಂಡು.

ಯಾವುದಕ್ಕಾಗಿ ಯಾರ್ಕ್ ಹೊಡೆತ ತಿಂದನೋ, ಜೈಲು ಕಂಡನೋ, ಕ್ಲಾರ್ಕ್‌ನ ಮನೆಯಲ್ಲಿದ್ದ ಸ್ಥಾನ ಕಳೆದುಕೊಂಡನೋ, ಅದೇ ಮೂರು ವರ್ಷದಲ್ಲಿ ಇನ್ನೊಬ್ಬನ ಗಂಟುಮೂಟೆಯ ಜೊತೆ ಹೋಗುವ ಸ್ಥಿತಿಗೆ ಬಂತು. ಇದಾದ ಮೇಲೆ ಅವಳ ಸುದ್ದಿ ಯಾವ ಕಾಗದದಲ್ಲೂ ಬರುವುದಿಲ್ಲ.

1815ರ ನವೆಂಬರ್‌ನಲ್ಲಿ ಕ್ಲಾರ್ಕ್ ಅಣ್ಣ ಜೊನಾಥನ್‌ನ ಮಗನಾದ ಜಾನ್ ಹೈಟ್ ಕ್ಲಾರ್ಕ್ ಜೊತೆ ಪಾಲುದಾರಿಕೆಯ ಪತ್ರ ಮಾಡಿಕೊಂಡ. ಲೂಯಿವಿಲ್‌ನಲ್ಲಿ ಸರಕು ಸಾಗಿಸುವ ಗಾಡಿಗಳ ವ್ಯವಹಾರ. ಒಹಾಯೊ ನದಿಗೆ ಅಲ್ಲಿ ಒಂದೇ ಕಡೆ ಬಂಡೆಗಳ ಇಳಿಜಾರು ಇದ್ದಿದ್ದರಿಂದ ದೋಣಿಯ ಸರಕನ್ನು ಇಳಿಸಿ ಗಾಡಿಯಲ್ಲಿ ದಾಟಿಸಬೇಕಿತ್ತು, ಹಾಗಾಗಿ ಆ ಊರಲ್ಲಿ ಗಾಡಿಗೆ ಯಾವತ್ತೂ ಕೆಲಸ. ಆ ವ್ಯವಹಾರದಲ್ಲಿ ಗಾಡಿ ಹೊಡೆಯುವವನು ಯಾರ್ಕ್.

ಜೊತೆಗಿದ್ದ ಮಿಕ್ಕವರು ಏನಾದ್ರು? ಅವರಿಗೂ ಕಷ್ಟ ಬಂದಿರುತ್ತಲ್ಲ.

ಬಂತು, ಧಾರಾಳವಾಗಿ. ಲೂಯಿಸ್ 1809ರ ಅಕ್ಟೋಬರ್‌ನಲ್ಲಿ ಟೆನೆಸಿಯ ಒಂದು ದಾರಿಮನೆಯಲ್ಲಿ ಗುಂಡೇಟಿನಿಂದ ಸತ್ತ, ಆಗ ವಯಸ್ಸು 35. ಜಾನ್ ಕೋಲ್ಟರ್ ಮನೆಗೆ ಬರದೆ ಮತ್ತೆ ಬೆಟ್ಟಗಳಿಗೇ ತಿರುಗಿಹೋದ, ಯೆಲ್ಲೊಸ್ಟೋನ್ ಸೀಮೆಯಲ್ಲಿ ಒಬ್ಬನೇ ಓಡಾಡಿದ, ಕೆಲವೇ ವರ್ಷಗಳಲ್ಲಿ ಮಿಸ್ಸೂರಿಯಲ್ಲಿ ತೀರಿಕೊಂಡ. ಜಾರ್ಜ್ ಶ್ಯಾನನ್ 1807ರಲ್ಲಿ ಗುಂಡೇಟಿಗೆ ಕಾಲು ಕಳೆದುಕೊಂಡ. ಆದರೆ ಅವನಿಗೆ ಸರ್ಕಾರ ಪಿಂಚಣಿ ಕೊಟ್ಟಿತು, ಓದಿ ವಕೀಲನಾದ. ಪ್ಯಾಟ್ರಿಕ್ ಗ್ಯಾಸ್ ಒಂದು ಕಣ್ಣು ಕಳೆದುಕೊಂಡ, ಅರವತ್ತರ ಹತ್ತಿರ ಮದುವೆಯಾದ, ಮಕ್ಕಳಾದವು, 98 ವರ್ಷ ಬದುಕಿ 1870ರಲ್ಲಿ ಹೋದ. ಕ್ಲಾರ್ಕ್ ಕೆಲವು ವರ್ಷ ಮಿಸ್ಸೂರಿ ಸೀಮೆಯ ಗವರ್ನರ್ ಆಗಿದ್ದ, 1838ರಲ್ಲಿ ಸತ್ತ. ಸಕಗವಿಯಾಳ ಮಗನನ್ನು ಓದಿಸುವ ಹೊಣೆಯನ್ನೂ ಅವನೇ ಹೊತ್ತ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತೆ.

ಇವರಲ್ಲಿ ಕೆಲವರ ಕೊನೆ ಯಾರ್ಕ್‌ಗಿಂತ ಕೆಟ್ಟದ್ದೇ ಇರಬಹುದು. ಆದರೆ ಎಲ್ಲಿಗೆ ಹೋಗಬೇಕು ಅನ್ನೋದನ್ನು ಅವರೇ ನಿರ್ಧಾರ ಮಾಡಿದರು.

## ಸ್ವಲ್ಪ ಆಳಕ್ಕೆ ಇಳಿಯುವವರಿಗೆ

ಇದೆಲ್ಲ ಹೊಸದಾಗಿ ಹೇಗೆ ಗೊತ್ತಾಯ್ತು? ಇಷ್ಟು ವರ್ಷ ಯಾಕೆ ಯಾರೂ ಹೇಳಲಿಲ್ಲ?

ಕ್ಲಾರ್ಕ್ ತನ್ನ ಅಣ್ಣನಿಗೆ ಬರೆದ ಪತ್ರಗಳು ಲೂಯಿವಿಲ್‌ನಲ್ಲಿ ಅಣ್ಣನ ವಂಶದವರ ಮನೆಯ ಅಟ್ಟದಲ್ಲಿ ಬಿದ್ದಿದ್ದವು. ಹೊರಬಂದಿದ್ದು 1980ರ ದಶಕದ ಕೊನೆಗೆ. ಈಗ ಅವು ಲೂಯಿವಿಲ್‌ನ ಫಿಲ್ಸನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿವೆ, 2002ರಲ್ಲಿ ಅಚ್ಚಾದವು. ಅದಕ್ಕೆ ಮುಂಚೆ ಯಾರ್ಕ್‌ನ ನಂತರದ ಬದುಕಿನ ಬಗ್ಗೆ ಬರೆದವರ ಕೈಲಿ ಇದ್ದಿದ್ದು ಕ್ಲಾರ್ಕ್ ಮುಪ್ಪಿನಲ್ಲಿ ಹೇಳಿದ ಒಂದು ಕಥೆ, ಅಲ್ಲಿ ಇಲ್ಲಿ ಒಂದೆರಡು ಚೂರು. ಹಾಗಾಗಿ 1990ಕ್ಕೆ ಮುಂಚಿನ ಪುಸ್ತಕದಲ್ಲಿ ಸಂತೋಷದ ಕೊನೆ ಕಂಡರೆ ಆಶ್ಚರ್ಯ ಪಡಬೇಡಿ. ಇಪ್ಪತ್ತನೇ ಶತಮಾನದ ಮೊದಲ ಭಾಗದ ಎಷ್ಟೋ ಬರಹಗಳಲ್ಲಂತೂ ಯಾರ್ಕ್ ಬರುವುದೇ ನಗಿಸಲು.

ಒಂದು ಮಿತಿ ನೆನಪಿರಲಿ. ಜೊನಾಥನ್ 1811ರ ನವೆಂಬರ್‌ನಲ್ಲಿ ತೀರಿಕೊಂಡ. ಪತ್ರ ಅಲ್ಲಿಗೆ ನಿಂತವು. ಯಾರ್ಕ್ ಬಗ್ಗೆ ನಮ್ಮ ತಿಳಿವಳಿಕೆಯೂ ಅಲ್ಲಿಂದ ಮುಂದೆ ತೆಳುವಾಗುತ್ತದೆ. ಇನ್ನೂ ದೊಡ್ಡ ಮಿತಿ ಅಂದರೆ, ಇಷ್ಟೆಲ್ಲ ಕಾಗದದಲ್ಲಿ ಯಾರ್ಕ್ ತಾನೇ ಬರೆದ ಒಂದು ಸಾಲೂ ಇಲ್ಲ. ಅವನ ಆಸೆ, ಸಿಟ್ಟು ಎಲ್ಲ ನಮಗೆ ಸಿಗುವುದು ಒಡೆಯನ ದೂರಿನ ರೂಪದಲ್ಲಿ.

ಆ ಕಾಲದಲ್ಲಿ ಎಲ್ಲರೂ ಗುಲಾಮರನ್ನ ಇಟ್ಕೊಂಡಿದ್ರು ಸ್ವಾಮಿ. ಇವತ್ತಿನ ಕನ್ನಡಕ ಹಾಕ್ಕೊಂಡು ಕ್ಲಾರ್ಕ್‌ನ ಬೈಯೋದು ಸರೀನಾ?

ಎಲ್ಲರೂ ಇಟ್ಟುಕೊಂಡಿರಲಿಲ್ಲ. ಪೆನ್ಸಿಲ್ವೇನಿಯಾ 1780ರಲ್ಲೇ ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆಯುವ ಕಾನೂನು ಮಾಡಿತ್ತು. 1787ರ ಕಾನೂನು ಒಹಾಯೊ ನದಿಯ ಉತ್ತರಕ್ಕೆ ಗುಲಾಮಗಿರಿ ಕೂಡದು ಅಂದಿತ್ತು. ಅಂದರೆ ಲೂಯಿವಿಲ್ ದಡದಲ್ಲಿ ನಿಂತು ನೋಡಿದರೆ ಕಾಣುವ ಆಚೆ ದಡ. ಅಲ್ಲಿ ಕ್ಲಾರ್ಕ್ಸ್‌ವಿಲ್ ಅನ್ನುವ ಊರಿದೆ, ಕ್ಲಾರ್ಕ್‌ನ ಮತ್ತೊಬ್ಬ ಅಣ್ಣ ಜಾರ್ಜ್ ರೋಜರ್ಸ್ ಹೆಸರಿನದು, 1803ರಲ್ಲಿ ತಂಡ ಹೊರಟಿದ್ದೂ ಅಲ್ಲಿಂದ. ಕಾನೂನು ಅಲ್ಲಿ ಸರಿಯಾಗಿ ಜಾರಿಯಾಗಿತ್ತು ಅಂತ ನಾನು ಹೇಳುತ್ತಿಲ್ಲ. ಬೇರೆ ಯೋಚನೆಯೇ ಇರಲಿಲ್ಲ ಅನ್ನುವುದು ಮಾತ್ರ ತಪ್ಪು. ವರ್ಜೀನಿಯಾದ ರಾಬರ್ಟ್ ಕಾರ್ಟರ್ 1791ರಲ್ಲಿ ತನ್ನ ನೂರಾರು ಗುಲಾಮರ ಬಿಡುಗಡೆ ಶುರು ಮಾಡಿದ. ಅದೇ ವರ್ಜೀನಿಯಾದ ಎಡ್ವರ್ಡ್ ಕೋಲ್ಸ್ 1819ರಲ್ಲಿ ತನ್ನವರನ್ನು ಒಹಾಯೊ ನದಿಯ ಮೇಲೆ ದೋಣಿಯಲ್ಲೇ ಬಿಡುಗಡೆ ಮಾಡಿ ಇಲಿನಾಯ್‌ಗೆ ಕರೆದೊಯ್ದ.

ಇನ್ನು ಕನ್ನಡಕದ ಮಾತು. ಕ್ಲಾರ್ಕ್‌ನನ್ನು ಅಳೆಯಲು ನಮ್ಮ ಕಾಲದ ಅಳತೆಗೋಲು ಬೇಕಿಲ್ಲ. ಅವನ ಜೊತೆ ಅದೇ ದಾರಿ ನಡೆದ ಯಾರ್ಕ್‌ಗೆ ಏನನ್ನಿಸಿತ್ತು ಅನ್ನೋದೂ ಆ ಕಾಲದ್ದೇ ಅಭಿಪ್ರಾಯ ತಾನೇ.

ಬಿಡುಗಡೆ ಸಿಕ್ಕ ಮೇಲೆ ‘ಹಾಳು ಸ್ವಾತಂತ್ರ್ಯ, ಒಂದು ದಿನವೂ ಸುಖ ಇಲ್ಲ’ ಅಂತ ಯಾರ್ಕೇ ಹೇಳಿದ್ನಂತೆ. ಇದಕ್ಕೇನಂತೀರಿ?

ಈ ಪ್ರಶ್ನೆ ಕೇಳುವವರ ಧ್ವನಿಯಲ್ಲಿ ಒಂದು ಗೆಲುವು ಇರುತ್ತೆ, ಗಮನಿಸಿದ್ದೀನಿ. ಮೂಲ ಇದು. ಲೇಖಕ ವಾಷಿಂಗ್ಟನ್ ಅರ್ವಿಂಗ್ 1832ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕ್ಲಾರ್ಕ್ ಮನೆಗೆ ಹೋದ. ಊಟ, ಮಾತುಕತೆ. ಅವತ್ತು ಕ್ಲಾರ್ಕ್ ಹೇಳಿದ್ದನ್ನು ಟಿಪ್ಪಣಿ ಮಾಡಿಕೊಂಡ. ಕ್ಲಾರ್ಕ್ ಪ್ರಕಾರ ಅವನು ಬಿಡುಗಡೆ ಮಾಡಿದ ಗುಲಾಮರೆಲ್ಲ ಆಮೇಲೆ ಪಶ್ಚಾತ್ತಾಪ ಪಟ್ಟರು. ಯಾರ್ಕ್‌ಗೆ ಒಂದು ದೊಡ್ಡ ಗಾಡಿ, ಆರು ಕುದುರೆ ಕೊಟ್ಟು ನ್ಯಾಶ್‌ವಿಲ್, ರಿಚ್ಮಂಡ್ ನಡುವೆ ಸರಕು ಹೊಡೆಯಲು ಬಿಟ್ಟ. ಯಾರ್ಕ್ ಬೆಳಿಗ್ಗೆ ಬೇಗ ಏಳುತ್ತಿರಲಿಲ್ಲ, ಕುದುರೆ ನೋಡಿಕೊಳ್ಳಲಿಲ್ಲ, ಎರಡು ಸತ್ತವು, ಉಳಿದವನ್ನು ಮಾರುವಾಗ ಮೋಸ ಹೋದ, ಚಾಕರಿಗೆ ಸೇರಿ ಕಷ್ಟಪಟ್ಟ. ಕೊನೆಗೆ ಸ್ವಾತಂತ್ರ್ಯವನ್ನು ಶಪಿಸಿ ಹಳೆಯ ಒಡೆಯನ ಹತ್ತಿರ ಹೊರಟ, ದಾರಿಯಲ್ಲಿ ಟೆನೆಸಿಯಲ್ಲಿ ಕಾಲರಾದಿಂದ ಸತ್ತ.

ಈಗ ಒಂದೊಂದೇ ನೋಡಿ. ಎರಡು ವರ್ಷ ನಾಲ್ಕು ತಿಂಗಳು ದಿನಾ ನಸುಕಿಗೆ ಎದ್ದು ದೋಣಿ ಎಳೆದವನು, ವರ್ಷಗಟ್ಟಲೆ ಲೂಯಿವಿಲ್‌ನಲ್ಲಿ ಗಾಡಿ ಹೊಡೆದವನು, ತನ್ನದೇ ಗಾಡಿ ಸಿಕ್ಕ ಮೇಲೆ ಏಳಲಾಗದೆ ಮಲಗಿದನಂತೆ! ಬಿಡುಗಡೆಯಾದ ಗುಲಾಮರು ಸೋಮಾರಿಗಳು, ಒಡೆಯನಿಲ್ಲದೆ ಬದುಕಲಾರರು ಅನ್ನುವುದು ಆಗಿನ ಗುಲಾಮರ ಒಡೆಯರೆಲ್ಲ ಹೇಳಿಕೊಳ್ಳುತ್ತಿದ್ದ ಕಥೆ. ಕ್ಲಾರ್ಕ್‌ನ ಕಥೆ ಅದೇ ಅಚ್ಚಿನಲ್ಲಿ ಎರಕ ಹೊಯ್ದಂತಿದೆ. ಅದೂ ಊಟದ ಮೇಲೆ ಅತಿಥಿಗೆ ಹೇಳಿದ್ದು. 1809ರ ಹೊಡೆತ, ಜೈಲಿನ ಮಾತು ಅತಿಥಿಯ ಟಿಪ್ಪಣಿಯಲ್ಲಿ ಬರುವುದಿಲ್ಲ.

ಆದರೂ ಪೂರ್ತಿ ಕಟ್ಟುಕಥೆ ಅಂತ ತಳ್ಳಲಾರೆ. ಗಾಡಿ ಹೊಡೆಯುವ ಕೆಲಸ 1815ರ ಪತ್ರಕ್ಕೆ ಹೊಂದುತ್ತದೆ. ಮೋಸ ಹೋದ ಅನ್ನುವುದನ್ನೂ ನಂಬಬಹುದು. ಆ ರಾಜ್ಯಗಳಲ್ಲಿ ಕಪ್ಪು ಮನುಷ್ಯ ಬಿಡುಗಡೆಯಾದವನಾದರೂ ಬಿಳಿಯನ ವಿರುದ್ಧ ಕೋರ್ಟಿನಲ್ಲಿ ಸಾಕ್ಷಿ ಹೇಳುವ ಹಾಗಿರಲಿಲ್ಲ. ಬಿಡುಗಡೆಯ ಕಾಗದ ಜೇಬಿನಲ್ಲಿಲ್ಲದಿದ್ದರೆ ಯಾರು ಬೇಕಾದರೂ ಓಡಿಬಂದ ಗುಲಾಮ ಅಂತ ಹಿಡಿಯಬಹುದಿತ್ತು. ಅಂಥ ಕಡೆ ಆರು ಕುದುರೆ ಇಟ್ಟುಕೊಂಡು ವ್ಯಾಪಾರ ಮಾಡುವವನಿಗೆ ಸಾಲ ಕೊಟ್ಟವನು, ಸರಕು ಕೊಟ್ಟವನು, ಕುದುರೆ ಕೊಂಡವನು ಯಾರು ಬೇಕಾದರೂ ಟೋಪಿ ಹಾಕಬಹುದು. ಯಾರ್ಕ್ ನಿಜವಾಗಿಯೂ ಆ ಮಾತು ಆಡಿದ್ದರೆ, ಅವನು ಬೈದಿದ್ದು ಯಾವ ಬಗೆಯ ಸ್ವಾತಂತ್ರ್ಯವನ್ನು ಅಂತಲೂ ಕೇಳಬೇಕಾಗುತ್ತದೆ.

ಹಾಗಿದ್ರೆ ಬಿಡುಗಡೆ ಆಯ್ತಾ ಇಲ್ವಾ? ಒಂದು ಕಡೆ ಹೇಳಿ.

ಆಗಿತ್ತು ಅನ್ನುವ ಕಡೆ ನನ್ನ ಒಲವು. ಕೋರ್ಟಿನ ಬಿಡುಗಡೆ ಪತ್ರ ಇದುವರೆಗೆ ಸಿಕ್ಕಿಲ್ಲ, ಆಧಾರ ಕ್ಲಾರ್ಕ್‌ನ ಬಾಯಿಮಾತೊಂದೇ. ಆದರೆ ಈ ಒಂದು ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ದೊಡ್ಡ ಲಾಭ ಏನಿರಲಿಲ್ಲ. 1815ರ ಪಾಲುದಾರಿಕೆ ಆದ ಮೇಲೆ, 1832ರ ಮಾತುಕತೆಗೆ ಮುಂಚೆ ಯಾವಾಗಲೋ ಆಗಿರಬೇಕು. ಅಂದರೆ ಅತಿ ಬೇಗ ಅಂದರೂ ಪ್ರಯಾಣ ಮುಗಿದು ಒಂಬತ್ತು ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಯಾರ್ಕ್‌ಗೆ ವಯಸ್ಸು ನಲವತ್ತು ದಾಟಿತ್ತು.

ಯಾರ್ಕ್ ಸಾಯಲಿಲ್ಲ, ಪಶ್ಚಿಮಕ್ಕೆ ಹೋಗಿ ಕ್ರೋ ಜನರ ನಾಯಕನಾದ, ನಾಲ್ಕು ಹೆಂಡತಿಯರು ಅಂತ ಒಂದು ಕಥೆ ಇದೆಯಲ್ಲ? ಅದೇ ನಿಜ ಆಗಿರಲಿ ಅಂತ ನನಗಾಸೆ.

ಆಸೆ ಯಾರಿಗಿಲ್ಲ ಹೇಳಿ. ಜೀನಸ್ ಲೆನರ್ಡ್ ಅನ್ನುವ ತುಪ್ಪಳದ ಬೇಟೆಗಾರ 1830ರ ದಶಕದಲ್ಲಿ ಕ್ರೋ ಅನ್ನುವ ಮೂಲನಿವಾಸಿ ಜನರ ನಡುವೆ ಒಬ್ಬ ವಯಸ್ಸಾದ ಕಪ್ಪು ಮನುಷ್ಯನನ್ನು ಕಂಡೆ, ಅವನು ಲೂಯಿಸ್-ಕ್ಲಾರ್ಕ್ ಜೊತೆ ಮೊದಲ ಸಲ ಆ ಸೀಮೆಗೆ ಬಂದವನಂತೆ ಅಂತ ಬರೆದ. ಅದು 1839ರಲ್ಲಿ ಪುಸ್ತಕವಾಯಿತು. ಆ ಪ್ರಯಾಣದಲ್ಲಿದ್ದ ಕಪ್ಪು ಮನುಷ್ಯ ಯಾರ್ಕ್ ಒಬ್ಬನೇ ಆದ್ದರಿಂದ ಕಥೆ ಹುಟ್ಟಿಕೊಂಡಿತು.

ತೊಂದರೆ ಏನೆಂದರೆ ಆ ಕಾಲಕ್ಕೆ ಕ್ರೋ ಜನರ ಜೊತೆ ಬಾಳಿದ, ಅವರಲ್ಲಿ ದೊಡ್ಡವರೆನಿಸಿಕೊಂಡ ಬೇರೆ ಕಪ್ಪು ಮೂಲದವರು ಇದ್ದರು. ಎಡ್ವರ್ಡ್ ರೋಸ್, ಜಿಮ್ ಬೆಕ್‌ವರ್ತ್ ಇಬ್ಬರ ಹೆಸರೂ ಚೆನ್ನಾಗಿ ಗೊತ್ತಿರುವಂಥವು. ಲೆನರ್ಡ್ ಕಂಡಿದ್ದು ಇಂಥವರಲ್ಲಿ ಒಬ್ಬನನ್ನೇ ಅಂತ ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ, ನನಗೂ ಅದೇ ಸರಿ ಅನಿಸುತ್ತೆ. ಹೆಂಡತಿಯ ಹತ್ತಿರ ಇರಬೇಕು ಅಂತ ಒಡೆಯನನ್ನು ಎದುರು ಹಾಕಿಕೊಂಡವನಿಗೆ, ಬೆಟ್ಟದಾಚೆ ನಾಲ್ಕು ಹೆಂಡತಿಯರ ಸುಖಾಂತ್ಯ ಕಟ್ಟುವುದು ನಮ್ಮ ಸಮಾಧಾನಕ್ಕೆ.

ಅವನ ಚಿತ್ರ, ಪ್ರತಿಮೆ ಏನಾದ್ರೂ ಇದೆಯಾ? ಸರ್ಕಾರ ಏನಾದ್ರೂ ಮಾಡಿತಾ?

ಅವನನ್ನು ಎದುರಿಗೆ ಕೂರಿಸಿ ಬರೆದ ಚಿತ್ರ ಒಂದೂ ಇಲ್ಲ. ನೀವು ನೋಡುವುದೆಲ್ಲ ಆಮೇಲಿನವರ ಕಲ್ಪನೆ. ಪ್ರಯಾಣದ ನಕ್ಷೆಯಲ್ಲಿ ಕ್ಲಾರ್ಕ್ ಕೆಲವು ನಡುಗಡ್ಡೆಗೆ, ಒಂದು ಒಣ ಹಳ್ಳಕ್ಕೆ ಯಾರ್ಕ್ ಹೆಸರು ಇಟ್ಟಿದ್ದ. 2001ರ ಜನವರಿ 17ರಂದು ಅಧ್ಯಕ್ಷ ಕ್ಲಿಂಟನ್ ಯಾರ್ಕ್‌ಗೂ ಸಕಗವಿಯಾಗೂ ಸೇನೆಯ ಗೌರವ ಸಾರ್ಜೆಂಟ್ ಪದವಿ ಕೊಟ್ಟರು. ತಮಾಷೆ ಎಂದರೆ ಕ್ಲಾರ್ಕ್‌ಗೆ ಕ್ಯಾಪ್ಟನ್ ಪದವಿ ಸಿಕ್ಕಿದ್ದೂ ಅದೇ ದಿನ. 2003ರಲ್ಲಿ ಲೂಯಿವಿಲ್‌ನ ನದಿ ದಂಡೆಯಲ್ಲಿ ಶಿಲ್ಪಿ ಎಡ್ ಹ್ಯಾಮಿಲ್ಟನ್ ಮಾಡಿದ ಪೂರ್ಣ ಪ್ರತಿಮೆ ನಿಂತಿತು. 2021ರ ಫೆಬ್ರವರಿಯಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ಮೌಂಟ್ ಟೇಬರ್ ಪಾರ್ಕಿನಲ್ಲಿ, ಮೊದಲಿದ್ದ ಪ್ರತಿಮೆ ಉರುಳಿಹೋಗಿ ಖಾಲಿಯಾಗಿದ್ದ ಪೀಠದ ಮೇಲೆ, ಯಾರ್ಕ್‌ನ ದೊಡ್ಡ ಮುಖಪ್ರತಿಮೆ ರಾತ್ರೋರಾತ್ರಿ ಪ್ರತ್ಯಕ್ಷವಾಯಿತು, ಇಟ್ಟವರ ಹೆಸರಿಲ್ಲದೆ. ಜನ ಹೂವಿಟ್ಟರು. ಜುಲೈನಲ್ಲಿ ಯಾರೋ ಅದನ್ನು ಕೆಡವಿ ಒಡೆದರು.

ಒಂದು ಲೇಖನಕ್ಕೆ ಬೇಕಿತ್ತು, ಅವನು ಸತ್ತ ವರ್ಷ ಯಾವುದು ಅಂತ ಹಾಕಲಿ?

‘1832ಕ್ಕೆ ಮುಂಚೆ’ ಅಂತ ಹಾಕಿ, ಸಾಕು. ಬಹಳ ಕಡೆ 1832 ಅಂತಲೇ ಖಚಿತವಾಗಿ ಬರೆದುಬಿಡುತ್ತಾರೆ, ಕಾಲರಾ ಅನ್ನುವ ಮಾತಿನ ಮೇಲೆ. ಕಾಲರಾ ಮಹಾಮಾರಿ ಉತ್ತರ ಅಮೆರಿಕಕ್ಕೆ ಮೊದಲ ಸಲ ಕಾಲಿಟ್ಟಿದ್ದು 1832ರ ಜೂನ್‌ನಲ್ಲಿ, ಅದೂ ಕೆನಡಾ, ನ್ಯೂಯಾರ್ಕ್ ಕಡೆ. ಕ್ಲಾರ್ಕ್ ಈ ಕಥೆ ಹೇಳಿದ್ದು ಅದೇ ಸೆಪ್ಟೆಂಬರ್‌ನಲ್ಲಿ. ಮೂರು ತಿಂಗಳೊಳಗೆ ರೋಗ ಟೆನೆಸಿಗೆ ಬಂದು, ಯಾರ್ಕ್ ಸತ್ತು, ಆ ಸುದ್ದಿ ಸೇಂಟ್ ಲೂಯಿಸ್ ಮುಟ್ಟಿ, ಹಳೇ ಕಥೆಯ ಹಾಗೆ ಊಟದ ಮೇಲೆ ಹೇಳುವಷ್ಟು ಹಳತಾಗಿತ್ತು ಅನ್ನುವುದು ಕಷ್ಟ. ಆಗ ಬೇಸಿಗೆಯಲ್ಲಿ ಬರುವ ಜೋರು ವಾಂತಿಭೇದಿಗೂ ಕಾಲರಾ ಅಂತಲೇ ಕರೆಯುತ್ತಿದ್ದರು, ಅದು 1820ರ ದಶಕದ ಯಾವ ವರ್ಷದಲ್ಲಾದರೂ ಆಗಿರಬಹುದು. ‘ಟೆನೆಸಿಯಲ್ಲಿ, ಕ್ಲಾರ್ಕ್ ಹೇಳಿಕೆಯ ಪ್ರಕಾರ’ ಅನ್ನುವುದನ್ನೂ ಸೇರಿಸಿ. ಆ ಕೊನೆಯ ಮೂರು ಪದ ಬಿಡಬೇಡಿ.